ಪಿಸುಮಾತು ಮುಟ್ಟದ ಕಿವಿ

ನನ್ನ ಅಣ್ಣನ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ. 2005ರಲ್ಲಿ ರಕ್ತಪರೀಕ್ಷೆಯ ವರದಿ ಕೈಗೆ ಬಂದ ದಿನ ಅವನು ಕೋಣೆಯ ಬಾಗಿಲು ಮುಂದೆ ಮಾಡಿ, ನನ್ನ ಕಿವಿಯ ಹತ್ತಿರ ಬಾಗಿ, ಉಸಿರಿನಲ್ಲೇ ಹೇಳಿದ. ಅವತ್ತಿನಿಂದ ಆ ವಿಷಯಕ್ಕೆ ಒಂದು ದನಿ ನಿಗದಿಯಾಗಿಬಿಟ್ಟಿತು. ಮಾತ್ರೆ ಮುಗಿಯಿತೇ, ಮುಂದಿನ ತಪಾಸಣೆ ಎಂದು, ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ಕೋಶಗಳ ಎಣಿಕೆ ಎಷ್ಟು ಬಂದಿದೆ, ಎಲ್ಲವೂ ಅದೇ ಪಿಸುದನಿಯಲ್ಲಿ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದಾಗಲೂ ದನಿ ತಾನಾಗಿ ತಗ್ಗುತ್ತಿತ್ತು. ಗೋಡೆಗೂ ಕಿವಿಯಿದೆ ಎಂಬ ಮಾತನ್ನು ನಾವು ಅಕ್ಷರಶಃ ನಂಬಿದ್ದೆವು. ಮಾತ್ರೆಯ ಡಬ್ಬಿಗೂ ಅಣ್ಣ ಪಿಸುಮಾತು ಕಲಿಸಿದ್ದ. ಒಳಗೆ ಒಂದಿಷ್ಟು ಹತ್ತಿ ತುರುಕಿಬಿಟ್ಟರೆ ಚೀಲದಲ್ಲಿ ಅದು ಗಲಗಲ ಎನ್ನುವುದಿಲ್ಲ, ಬಸ್ಸಿನಲ್ಲಿ ಪಕ್ಕ ಕುಳಿತವರು ತಿರುಗಿ ನೋಡುವುದಿಲ್ಲ. ಈ ಉಪಾಯ ಅವನೊಬ್ಬನದೇ ಅಲ್ಲ. ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ನುಂಗುವ ಎಷ್ಟೋ ಜನ ಯಾರೂ ಹೇಳಿಕೊಡದೆ ಇದನ್ನು ಕಂಡುಕೊಂಡಿದ್ದಾರೆ.

ಈಚೆಗೆ ನನ್ನನ್ನು ಕೊರೆಯುತ್ತಿರುವುದು ಬೇರೆಯೇ ಸಂಗತಿ. ಅಣ್ಣನ ಕಿವಿ ಮೊದಲು ಕಳೆದುಕೊಂಡದ್ದು ಈ ಪಿಸುದನಿಯನ್ನೇ. ಸುಮಾರು ಏಳು ವರ್ಷ ಮನೆಯವರು, ನರ್ಸ್‌ಗಳು, ಆಪ್ತಸಮಾಲೋಚಕಿ, ಎಲ್ಲರೂ ಸೇರಿ ಅವನ ಕಾಯಿಲೆಯ ಮಾತನ್ನು ಅವನಿಗೆ ಕೇಳಿಸದ ದನಿಯಲ್ಲಿ ಅವನೆದುರೇ ಆಡುತ್ತಿದ್ದೆವು. ಅವನು ತಲೆಯಾಡಿಸುತ್ತಿದ್ದ. ಅರ್ಥವಾಯಿತು ಎಂದುಕೊಂಡು ನಾವೂ ತಲೆಯಾಡಿಸುತ್ತಿದ್ದೆವು.

ಇದನ್ನು ಬರೆಯಲೇ ಎಂದು ಅವನನ್ನು ಕೇಳಿದೆ. "ಹೆಸರು, ಊರು ಬೇಡ. ಉಳಿದದ್ದು ಬರೆ" ಎಂದ. ಹಾಗಾಗಿ ಇಲ್ಲಿ ಎರಡೂ ಇಲ್ಲ.

ಜಾಣಕಿವುಡು

ಕಿವುಡು ಹೇಳಿಕೇಳಿ ಬರಲಿಲ್ಲ. ಟಿವಿಯ ದನಿ ಒಂದೊಂದೇ ಗೆರೆ ಏರಿತು. ಫೋನನ್ನು ಬಲಗಿವಿಯಿಂದ ಎಡಗಿವಿಗೆ, ಮತ್ತೆ ಬಲಕ್ಕೆ ಬದಲಿಸುವ ಅಭ್ಯಾಸ ಶುರುವಾಯಿತು. ಆಮೇಲೆ ಫೋನೇ ಬೇಡವಾಗಿ "ಮೆಸೇಜ್ ಹಾಕು" ಎನ್ನತೊಡಗಿದ. ನಾಲ್ಕು ಜನ ಸೇರಿದಲ್ಲಿ ಎಲ್ಲರೂ ನಕ್ಕ ಮೇಲೆ ಅರೆಕ್ಷಣ ತಡವಾಗಿ ನಗುತ್ತಿದ್ದ. "ಎಷ್ಟು ಹೊತ್ತಿಗೆ ಹೊರಡುತ್ತೀಯ?" ಎಂದು ಕೇಳಿದರೆ "ಹೂಂ, ಪರವಾಗಿಲ್ಲ" ಎಂಬ ಉತ್ತರ. ಎದುರಿಗೆ ನಿಂತು ಮಾತನಾಡಿದರೆ ಸರಿಯಾಗಿಯೇ ಉತ್ತರಿಸುತ್ತಿದ್ದ, ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಬೇಕಾದದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ ಎಂದು ನಾವು ತೀರ್ಮಾನಿಸಿದೆವು. ಜಾಣಕಿವುಡು.

ಈ ಪದದ ಮೇಲೆ ನನಗೀಗ ಸಿಟ್ಟಿದೆ. ಕಿವುಡಿಗೆ ನಮ್ಮ ಭಾಷೆ ಜಾಣತನವನ್ನು ಅಂಟಿಸಿರುವುದು ಇದೊಂದೇ ಕಡೆ, ಅದೂ ಆರೋಪ ಹೊರಿಸುವುದಕ್ಕೆ. ಅಣ್ಣನ ಜಾಣತನ ಬೇರೆ ಕಡೆ ಖರ್ಚಾಗುತ್ತಿತ್ತು. ಯಾರೂ ಕಲಿಸದೆ ತುಟಿ ಓದುವುದನ್ನು ಕಲಿತಿದ್ದ. ಮಾತಿನ ನಡುವೆ ಕೇಳಿಸಿದ ಎರಡು ಪದಗಳಿಂದ ಉಳಿದ ಎಂಟನ್ನು ಊಹಿಸುತ್ತಿದ್ದ. ಯಾರಾದರೂ ಪ್ರಶ್ನೆ ಕೇಳುವ ಮೊದಲೇ ತಾನೇ ಮಾತು ಶುರುಮಾಡಿದರೆ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ತಾಪತ್ರಯವಿಲ್ಲ ಎಂದು ಕಂಡುಕೊಂಡಿದ್ದ. ಮೊದಲು ಮಿತಭಾಷಿಯಾಗಿದ್ದವನು ವಾಚಾಳಿಯಾಗಿದ್ದಾನೆ ಎಂದು ಇದಕ್ಕೂ ನಾವು ಬೈದೆವು. ಸಂಜೆಯಾಗುವಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ಕಾಯಿಲೆಯ ಆಯಾಸ ಎಂದುಕೊಂಡೆವು. ದಿನವಿಡೀ ಊಹಿಸಿ ಊಹಿಸಿ ಬರುವ ಆಯಾಸ ಅದು.

ಆಗ ಅರ್ಥವಾಗದೇ ಹೋದದ್ದನ್ನು ಈಗ ಕನ್ನಡದ್ದೇ ಉದಾಹರಣೆಯಿಂದ ಹೇಳಬಲ್ಲೆ. ಮಾತಿನಲ್ಲಿ ಅ, ಆ, ಒ, ಓ ಇಂಥ ಸ್ವರಗಳದ್ದು ದಪ್ಪ ದನಿ. ಮಾತಿನ ಗಟ್ಟಿತನವೆಲ್ಲ ಬಹುಮಟ್ಟಿಗೆ ಅಲ್ಲಿರುತ್ತದೆ. ಸ, ಶ, ಚ, ತ, ಕ ಇಂಥ ವ್ಯಂಜನಗಳದ್ದು ತೆಳುವಾದ, ಉಸಿರಿನಂಥ ಸದ್ದು. ಹೆಚ್ಚಾಗಿ ಮೇಲಿನ ಆವರ್ತನಗಳಲ್ಲಿ, ಸೆಕೆಂಡಿಗೆ 2000 ಕಂಪನಗಳ (2000 ಹರ್ಟ್ಸ್) ಆಚೆಗೆ ಹರಡಿಕೊಂಡಿರುತ್ತದೆ. ಮಾತನ್ನು ಸ್ವರ ಕಿವಿಗೆ ಮುಟ್ಟಿಸುತ್ತದೆ, ಅದು ಯಾವ ಮಾತು ಎಂದು ವ್ಯಂಜನ ತಿಳಿಸುತ್ತದೆ. ಹಾಲು, ಕಾಲು, ಸಾಲು, ಪಾಲು: ಮೇಲಿನ ಆವರ್ತನಗಳನ್ನು ಕಳೆದುಕೊಂಡ ಕಿವಿಗೆ ಈ ನಾಲ್ಕೂ 'ಆಲು'. ಅದಕ್ಕೇ ಇಂಥವರು "ಕೇಳಿಸುತ್ತಿಲ್ಲ" ಎನ್ನುವುದು ಅಪರೂಪ. "ನೀವೆಲ್ಲ ಬಾಯೊಳಗೇ ಮಾತನಾಡುತ್ತೀರಿ" ಎನ್ನುತ್ತಾರೆ. ಅಣ್ಣನೂ ಹಾಗೇ ದೂರುತ್ತಿದ್ದ. ಸರಿ ಎಂದು ಜೋರಾಗಿ ಹೇಳಿದರೆ "ಕಿರುಚಬೇಡ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದ. ಅದೂ ನಟನೆಯಲ್ಲ. ಒಳಗಿವಿ ಹಾಳಾದವರಿಗೆ ಸಣ್ಣ ಸದ್ದು ಕೇಳುವುದಿಲ್ಲ, ದೊಡ್ಡ ಸದ್ದು ಸಹಿಸುವುದಿಲ್ಲ. ನಡುವೆ ಉಳಿಯುವ ಓಣಿ ಬಹಳ ಇಕ್ಕಟ್ಟು.

ಹದಿನಾಲ್ಕೋ ಹದಿನಾರೋ

ಕನ್ನಡದಲ್ಲಿ ಕಿವಿಯಿಂದ ಕೇಳುವುದಕ್ಕೂ ಬಾಯಿಂದ ಕೇಳುವುದಕ್ಕೂ ಒಂದೇ ಪದ. ಚಿಕಿತ್ಸಾ ಕೇಂದ್ರದಲ್ಲಿ ಕೆಮ್ಮು ಇದೆಯೇ ಎಂದು ಕೇಳುತ್ತಿದ್ದರು, ಜ್ವರ ಕೇಳುತ್ತಿದ್ದರು, ತೂಕ ನೋಡುತ್ತಿದ್ದರು, ಕಾಲು ಜೋಮು ಹಿಡಿಯುತ್ತದೆಯೇ ಎಂದೂ ಕೇಳುತ್ತಿದ್ದರು. ಕಿವಿ ಕೇಳುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ.

ಅಲ್ಲಿನ ಆಪ್ತಸಮಾಲೋಚಕಿ ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ದನಿ ತಗ್ಗಿಸುತ್ತಿದ್ದರು. ಅವರ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಹತ್ತಿಪ್ಪತ್ತು ಜನ. ಹೀಗಾಗಿ ಮುಂದಕ್ಕೆ ಬಾಗಿ, ಕಡತದ ಮೇಲೆ ಕಣ್ಣು ನೆಟ್ಟು, ಬಾಯಿಗೆ ಅರ್ಧ ಕೈ ಅಡ್ಡ ಹಿಡಿದು ಮಾತನಾಡುತ್ತಿದ್ದರು. ಅಂದರೆ ದನಿಯೂ ಇಲ್ಲ, ಓದಲು ತುಟಿಯೂ ಇಲ್ಲ. ಒಮ್ಮೆ "ಹದಿನಾಲ್ಕಕ್ಕೆ ಬನ್ನಿ" ಎಂದಿದ್ದಾರೆ. ಇವನಿಗೆ ಕೇಳಿಸಿದ್ದು ಹದಿನಾರು. ಎರಡು ದಿನ ಮಾತ್ರೆ ಇಲ್ಲದೆ ಕಳೆದು ಹದಿನಾರಕ್ಕೆ ಹೋದ. ಇಂಥದ್ದು ಇನ್ನೆರಡು ಸಲ ಆಯಿತು. ಮಾತ್ರೆ ತಪ್ಪಿಸುತ್ತಾರೆ ಎಂದು ಅವನ ಕಡತದಲ್ಲಿ ಬಿತ್ತು. ಎಚ್‌ಐವಿ ಚಿಕಿತ್ಸೆಯಲ್ಲಿ ಇದಕ್ಕಿಂತ ಕೆಟ್ಟ ಷರಾ ಇನ್ನೊಂದಿಲ್ಲ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ತಲೆಯೆತ್ತುತ್ತದೆ, ರಕ್ತದಲ್ಲಿ ಅದರ ಪ್ರಮಾಣ (ವೈರಲ್ ಲೋಡ್) ಏರುತ್ತದೆ, ಔಷಧಕ್ಕೆ ಬಗ್ಗದ ತಳಿ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಅವರ ಕಾಳಜಿ ಸುಳ್ಳಾಗಿರಲಿಲ್ಲ. ತಪ್ಪಿನ ಮೂಲ ಮಾತ್ರ ನಾಲಿಗೆಗೂ ಕಿವಿಗೂ ನಡುವಿನ ಎರಡು ಅಡಿ ಜಾಗದಲ್ಲಿತ್ತು.

ಒಂದು ದಿನ ನಾನು ಹೊರಗಿನ ಬೆಂಚಿನ ಮೇಲಿದ್ದೆ. ಒಳಗಿನಿಂದ ಮೊದಲು ಬರಿಯ ಗುಸುಗುಸು. ಆಮೇಲೆ ಅಣ್ಣನ "ಆಂ?". ಮತ್ತೆ ಗುಸುಗುಸು, ಮತ್ತೆ "ಆಂ?". ಮೂರನೆಯ ಸಲ ಆಕೆಯ ತಾಳ್ಮೆ ಮುಗಿದಿರಬೇಕು. "ವೈರಲ್ ಲೋಡ್ ಏರಿದೆ ಅಂತ ಹೇಳಿದೆ! ಮಾತ್ರೆ ತಪ್ಪಿಸುತ್ತಿದ್ದೀರಾ?" ಎಂಬುದು ಇಡೀ ಸಾಲಿಗೆ ಕೇಳಿಸಿತು. ಮೊಬೈಲ್ ನೋಡುತ್ತಿದ್ದ ಒಬ್ಬಾತ ತಲೆಯೆತ್ತಿ ಬಾಗಿಲನ್ನು ನೋಡಿ ಮತ್ತೆ ತಲೆತಗ್ಗಿಸಿದ. ಅಲ್ಲಿ ಕುಳಿತಿದ್ದವರೆಲ್ಲ ಅದೇ ಮಾತ್ರೆಗೆ ಬಂದವರೇ, ಆದರೂ. ಅಣ್ಣ ಹೊರಬಂದು, ಅಂಗಿಯ ಜೇಬಿನ ಗುಂಡಿ ಹಾಕಿಕೊಳ್ಳುತ್ತ, ರಸ್ತೆ ಮುಟ್ಟುವವರೆಗೂ ಮಾತನಾಡಲಿಲ್ಲ. ಆಮೇಲೆ ಕೇಳಿದ: "ಅವರು ಎಷ್ಟು ಗಟ್ಟಿಯಾಗಿ ಹೇಳಿದರು?"

"ಅಷ್ಟೇನಿಲ್ಲ" ಎಂದೆ. ಸುಳ್ಳು ಹೇಳುವಾಗಲೂ ಪಿಸುಗುಟ್ಟಿದ್ದೆ. ಅವನು ನನ್ನ ತುಟಿ ನೋಡಿ ತಿಳಿದುಕೊಂಡ.

ಇದಕ್ಕಿಂತ ವಿಚಿತ್ರವಾದದ್ದನ್ನು ಆಮೇಲೆ ಓದಿ ತಿಳಿದೆ. ಪಿಸುಗುಟ್ಟುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದೇ ಇಲ್ಲ. ಮಾತಿನ ದಪ್ಪ ಭಾಗ ಪೂರ್ತಿ ಬಿದ್ದುಹೋಗಿ ಬರಿಯ ಉಸಿರಿನ ತೆಳು ಸದ್ದು ಉಳಿಯುತ್ತದೆ. ಅಣ್ಣನಂಥ ಕಿವಿಗೆ ಕೇಳಿಸುವ ಭಾಗ ಯಾವುದೋ ಅದನ್ನೇ ತೆಗೆದುಹಾಕಿ, ಕೇಳಿಸದ ಭಾಗವನ್ನು ಮಾತ್ರ ಕೊಟ್ಟಂತೆ. ವೈದ್ಯರ ಬಳಿ ಪಿಸುಮಾತಿನ ಪರೀಕ್ಷೆ ಎಂದೇ ಒಂದು ಹಳೆಯ ಪರೀಕ್ಷೆಯಿದೆ. ರೋಗಿಯ ಹಿಂದೆ ಒಂದು ತೋಳಿನಷ್ಟು ದೂರದಲ್ಲಿ ನಿಂತು, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಸಿ, ಇನ್ನೊಂದಕ್ಕೆ ಕೇಳುವಂತೆ ಮೂರು ಅಂಕಿ-ಅಕ್ಷರಗಳನ್ನು ಪಿಸುಗುಟ್ಟುತ್ತಾರೆ. ರೋಗಿ ಅವನ್ನು ತಿರುಗಿ ಹೇಳಬೇಕು. ಯಂತ್ರ ಬೇಡ, ವಿದ್ಯುತ್ ಬೇಡ, ಎರಡು ನಿಮಿಷ ಸಾಕು. ಅಣ್ಣ ಏಳು ವರ್ಷ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಈ ಪರೀಕ್ಷೆಗೆ ಕೂರುತ್ತಿದ್ದ, ಪ್ರತಿ ಸಲವೂ ನಪಾಸಾಗುತ್ತಿದ್ದ. ಅದು ಪರೀಕ್ಷೆ ಎಂದು ಕೋಣೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಸೂಜಿಯ ದಿನಗಳು

ಕಿವುಡು ಶುರುವಾದದ್ದು 2012ರಲ್ಲಿ. ಆ ವರ್ಷ ಅವನಿಗೆ ಔಷಧನಿರೋಧಕ ಕ್ಷಯ ಬಂತು. ಎಚ್‌ಐವಿ ಇರುವವರನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ಇವತ್ತಿಗೂ ಕ್ಷಯವೇ. ಆಗಿನ ಚಿಕಿತ್ಸೆಯೆಂದರೆ ಮುಷ್ಟಿ ತುಂಬ ಮಾತ್ರೆ, ಜೊತೆಗೆ ತಿಂಗಳುಗಟ್ಟಲೆ ಕನಾಮೈಸಿನ್ ಸೂಜಿ. ವಾರಕ್ಕೆ ಆರು ದಿನ ಚುಚ್ಚಿಸಿಕೊಂಡು, ಯಾವ ಮಗ್ಗುಲಿಗೂ ಸರಿಯಾಗಿ ಕೂರಲಾಗದೆ ಓರೆಯಾಗಿ ಕೂರುತ್ತಿದ್ದ. ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸಣ್ಣ ಗೀಟು ಹಾಕುತ್ತಿದ್ದ. ನೂರೈವತ್ತರ ಆಚೆ ಎಣಿಸುವುದನ್ನು ಬಿಟ್ಟ. ನಾಲ್ಕನೆಯ ತಿಂಗಳಿನಲ್ಲಿ ಕಿವಿಯೊಳಗೆ ಗುಂಯ್ ಎನ್ನುತ್ತದೆ ಎಂದಿದ್ದ. ನಿಶ್ಶಕ್ತಿಯಿಂದ ಇರಬೇಕು ಎಂದರು. ನಾನೂ ಹಾಗೇ ಹೇಳಿದೆ.

ಕನಾಮೈಸಿನ್ ಕಿವಿ ತಿನ್ನುತ್ತದೆ ಎಂಬುದು ಹೊಸ ಸುದ್ದಿಯೇ ಅಲ್ಲ. ಇದರ ಅಣ್ಣ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಕೈಗೆ. ಕ್ಷಯಕ್ಕೆ ಸಿಕ್ಕ ಮೊದಲ ನಿಜವಾದ ಔಷಧ ಅದು. ಕೆಲವೇ ವರ್ಷಗಳಲ್ಲಿ ರೋಗಿಗಳು ತಲೆಸುತ್ತಿ ಓಲಾಡುವುದನ್ನು, ಕಿವುಡಾಗುವುದನ್ನು ವೈದ್ಯರು ಬರೆದಿಟ್ಟಿದ್ದರು. 1957ರಲ್ಲಿ ಜಪಾನಿನ ಹಮಾವೊ ಉಮೆಜಾವಾ ಕಂಡುಹಿಡಿದ ಕನಾಮೈಸಿನ್ ಅದೇ ಕುಲದ್ದು. ಸ್ಟ್ರೆಪ್ಟೊಮೈಸಿನ್ ಹೆಚ್ಚಾಗಿ ಸಮತೋಲದ ಅಂಗವನ್ನು ಕೆಡಿಸಿದರೆ ಇದು ಕೇಳುವ ಅಂಗವನ್ನೇ ಹಿಡಿಯುತ್ತದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಸುರುಳಿ. ಅದರ ಉದ್ದಕ್ಕೂ ತುದಿಯಲ್ಲಿ ಕೂದಲೆಳೆಯಂಥ ಕುಚ್ಚಿರುವ ಕೋಶಗಳು. ಒಂದು ಕಿವಿಗೆ ಹದಿನೈದು ಸಾವಿರದ ಆಸುಪಾಸು, ಅಷ್ಟೇ. ಸದ್ದಿಗೆ ಕುಚ್ಚು ಬಾಗಿದಾಗ ತುದಿಯಲ್ಲಿ ಸಣ್ಣ ಕಿಂಡಿಗಳು ತೆರೆಯುತ್ತವೆ. ಸದ್ದು ಸಂಕೇತವಾಗಿ ಬದಲಾಗುವುದು ಅಲ್ಲೇ. ಔಷಧ ಒಳನುಗ್ಗುವುದೂ ಅದೇ ಕಿಂಡಿಯಿಂದ. ಒಳಗೆ ಹೋದದ್ದು ಬೇಗ ಹೊರಬರುವುದಿಲ್ಲ, ಸೂಜಿ ನಿಲ್ಲಿಸಿದ ಮೇಲೂ ಹಾನಿ ಮುಂದುವರಿಯಬಹುದು. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ. ನಮ್ಮಲ್ಲಿ ಸತ್ತದ್ದು ಸತ್ತಂತೆ.

ಸುರುಳಿಯ ಬುಡದಲ್ಲಿರುವ, ಅತಿ ತೆಳು ಸದ್ದುಗಳ ಕೋಶಗಳು ಮೊದಲು ಹೋಗುತ್ತವೆ. ಮಾಮೂಲಿ ಶ್ರವಣ ಪರೀಕ್ಷೆ 8000 ಹರ್ಟ್ಸ್‌ಗೆ ನಿಲ್ಲುತ್ತದೆ, ಹಾನಿ ಅದಕ್ಕಿಂತ ಮೇಲೆ ಶುರುವಾಗಿರುತ್ತದೆ. ಹಾಗಾಗಿ ಸೂಜಿ ಹಾಕುವ ಮೊದಲೊಮ್ಮೆ, ಆಮೇಲೆ ಆಗಾಗ, ಸಾಧ್ಯವಾದರೆ ಆ ಮೇಲಿನ ಆವರ್ತನಗಳನ್ನೂ ಸೇರಿಸಿ ಪರೀಕ್ಷಿಸಬೇಕು. ಮಾತಿನ ಮಟ್ಟಕ್ಕೆ ಇಳಿಯುವ ಮೊದಲೇ ಸಿಕ್ಕಿಬಿದ್ದರೆ ಔಷಧ ಬದಲಿಸಲು, ಪ್ರಮಾಣ ತಗ್ಗಿಸಲು ಸಮಯ ಸಿಗುತ್ತದೆ. ಅಣ್ಣನಿಗೆ ಮೊದಲೂ ಪರೀಕ್ಷೆಯಾಗಲಿಲ್ಲ, ಆಮೇಲೂ ಆಗಲಿಲ್ಲ. ಎಚ್‌ಐವಿ ಇರುವವರಲ್ಲಿ ಈ ಸೂಜಿಗಳ ಹಾನಿ ಇನ್ನೂ ಹೆಚ್ಚು ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಕೆಲವರ ವಂಶವಾಹಿಯಲ್ಲೇ ಒಂದು ಸಣ್ಣ ಬದಲಾವಣೆ ಇದ್ದು, ತಾಯಿಯಿಂದ ಬರುವ ಅದು ಇದ್ದವರಿಗೆ ಕೆಲವೇ ಸೂಜಿಗಳೂ ಸಾಕಾಗಬಹುದು.

ಅಣ್ಣನಿಗೆ ಸೂಜಿ ಶುರುವಾದ 2012ರ ಡಿಸೆಂಬರಿನಲ್ಲೇ, ಇದೇ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕನಾಮೈಸಿನ್ ಬೇಡ ಎಂದಿತು. ಅದೇ ವರ್ಷ ದಕ್ಷಿಣ ಆಫ್ರಿಕಾ ಸೂಜಿಯನ್ನು ಬದಿಗಿಟ್ಟು ಬೆಡಾಕ್ವಿಲಿನ್‌ಗೆ ಹೊರಳಿತು. 2022ರಿಂದ ಬರಿಯ ಮಾತ್ರೆಗಳ ಆರು ತಿಂಗಳ ಚಿಕಿತ್ಸೆಗೆ ಶಿಫಾರಸು ಇದೆ. ಕನಾಮೈಸಿನ್ ಕುಲದ್ದೇ ಆದ ಅಮಿಕಾಸಿನ್ ಸೂಜಿ ಮಾತ್ರ ಪೂರ್ತಿ ನಿವೃತ್ತಿಯಾಗಿಲ್ಲ, ಕೆಲವು ಕಷ್ಟದ ಪ್ರಕರಣಗಳಲ್ಲಿ ಇನ್ನೂ ಚುಚ್ಚುತ್ತಾರೆ. ಅಂಥವರ ಮನೆಯವರು ಶ್ರವಣ ಪರೀಕ್ಷೆ ಎಲ್ಲಿ ಎಂದು ಹಟ ಹಿಡಿದು ಕೇಳಲಿ. "ಜೀವ ಉಳಿಯಿತಲ್ಲ, ಕಿವಿ ಹೋದರೆ ಹೋಗಲಿ" ಎಂದು ನೆಂಟರೊಬ್ಬರು ಅಂದಿದ್ದರು. ಅಣ್ಣನೂ ಹಾಗೇ ಅನ್ನುತ್ತಾನೆ. ಆದರೆ ಅವನು ಅಂದರೆ ಒಂದು, ಬೇರೆಯವರು ಅಂದರೆ ಇನ್ನೊಂದು. ಜೀವಕ್ಕೆ ಕಿವಿಯನ್ನು ಅಡವಿಡುತ್ತೀಯಾ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದನೋ ಏನೋ. ಕೇಳಬೇಕಿತ್ತು.

ಗಾಜಿನ ಆಚೆ

2019ರಲ್ಲಿ ಕೊನೆಗೂ ಕೇಳುವಿಕೆಯನ್ನು ಪರೀಕ್ಷಿಸುವ ತಜ್ಞೆ, ಆಡಿಯಾಲಜಿಸ್ಟ್ ಬಳಿ ಕರೆದೊಯ್ದೆ. ಸದ್ದು ತಡೆಯುವ ಪುಟ್ಟ ಕೋಣೆ, ನಡುವೆ ದಪ್ಪ ಗಾಜು. ಒಳಗೆ ಅಣ್ಣ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿಸಿದಾಗ ಅವನು ಅದನ್ನು ಒತ್ತಿದರೆ ಹೊರಗಿನ ಯಂತ್ರದ ಮೇಲೆ ಒಂದು ಸಣ್ಣ ದೀಪ ಹೊತ್ತಿಕೊಳ್ಳುತ್ತದೆ. ನಾನು ಆ ದೀಪವನ್ನೇ ನೋಡುತ್ತ ಕುಳಿತೆ. 250, ದೀಪ ಬಂತು. 500, ಬಂತು. 1000ಕ್ಕೆ ಸ್ವಲ್ಪ ತಡವಾಗಿ ಬಂತು. 4000ಕ್ಕೆ ಆಕೆ ಗುಬುಟನ್ನು ತಿರುಗಿಸುತ್ತ ಹೋದರು: 40 ಡೆಸಿಬೆಲ್, 50, 60, 70. ನನ್ನ ಬೆರಳು ನನಗರಿವಿಲ್ಲದೆ ಮೇಜನ್ನು ಒತ್ತುತ್ತಿತ್ತು. 80ಕ್ಕೆ ದೀಪ ಒಮ್ಮೆ ಮಿನುಗಿತು. 8000ಕ್ಕೆ ಯಂತ್ರದ ಮಿತಿಯವರೆಗೂ ಹೋದರು. ದೀಪ ಬರಲಿಲ್ಲ. ಪಕ್ಕಕ್ಕೆ ಮುಖಮಾಡಿ ಕುಳಿತಿದ್ದ ಅಣ್ಣ ಆಗ ಗಾಜಿನತ್ತ ತಿರುಗಿ ಹುಬ್ಬೇರಿಸಿದ. ಯಾಕೆ ನಿಲ್ಲಿಸಿದಿರಿ, ಮುಂದಿನ ಸದ್ದು ಯಾವಾಗ, ಎನ್ನುವ ಮುಖ. ಅದು ನಡೆಯುತ್ತಲೇ ಇತ್ತು.

ಪರೀಕ್ಷೆ ಮುಗಿದ ಮೇಲೆ, ನಾನೊಮ್ಮೆ ಕೂರಬಹುದೇ ಎಂದು ಕೇಳಿದೆ. ಆಕೆ 8000ದ ಸದ್ದು ಹಾಕಿದರು. ಸೂಜಿಯ ಮೊನೆಯಂಥ, ಕಿವಿಯೊಳಗೆ ಎಲ್ಲೋ ಮೇಲ್ಗಡೆ ಚುಚ್ಚುವ ಸದ್ದು. ನಾನು ಒತ್ತಿದ ದೀಪ ಹೊರಗೆ ಹೊತ್ತಿಕೊಂಡಾಗ ಅಣ್ಣ ಅದನ್ನು ನೋಡುತ್ತಿದ್ದ. ಅವನ ಮುಖವನ್ನು ನಾನು ಬರೆಯುವುದಿಲ್ಲ.

ಆಡಿಯೋಗ್ರಾಮ್ ಎಂಬ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಎಡಬದಿಯಲ್ಲಿ ಸುಮಾರಾಗಿ ಮೇಲೇ ಇದ್ದ ಗೆರೆ, ಬಲಕ್ಕೆ ಹೋಗುತ್ತ ಗುಡ್ಡ ಇಳಿದಂತೆ ಇಳಿದಿತ್ತು. ಎರಡೂ ಕಿವಿಗಳದ್ದು ಒಂದೇ ಇಳಿಜಾರು. ಆಕೆ ಅದನ್ನು ನೋಡುತ್ತ, ಮುಖವನ್ನು ಅಣ್ಣನ ಎದುರಿಗಿಟ್ಟು, ಸಾವಕಾಶವಾಗಿ ಕೇಳಿದರು: "ಯಾವಾಗಲಾದರೂ ಬಹಳ ದಿನ ಸೂಜಿ ಹಾಕಿಸಿಕೊಂಡಿದ್ದೀರಾ?" ಏಳು ವರ್ಷಗಳಲ್ಲಿ ಆ ಪ್ರಶ್ನೆ ಬಂದದ್ದು ಅದೇ ಮೊದಲು. ಅಣ್ಣ ನನ್ನನ್ನು ನೋಡಿದ. ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು, ಮತ್ತು ತನ್ನ ದನಿ ಎಷ್ಟು ಜೋರಾಗಿ ಹೊರಡುತ್ತದೆ ಎಂಬ ಅಂದಾಜು ಅವನಿಗೆ ಯಾವತ್ತೋ ತಪ್ಪಿತ್ತು. ಆಕೆಗೆ ಏನನ್ನಿಸಿತೋ, ಒಂದು ಚೀಟಿ ಮತ್ತು ಪೆನ್ನು ಮುಂದೆ ಸರಿಸಿದರು. ಅವನು ಎರಡು ಸಾಲು ಬರೆದ. ಅವರು ಓದಿ, ಅದರ ಕೆಳಗೇ ತಮ್ಮ ಪ್ರಶ್ನೆ ಬರೆದರು. ಹೀಗೆ ಚೀಟಿ ನಾಲ್ಕೈದು ಸಲ ಆಚೀಚೆ ಹೋಯಿತು. ಕೊನೆಗೆ ಅದನ್ನು ಮಡಚಿ ಅಣ್ಣನ ಕೈಗೇ ಕೊಟ್ಟರು. ಗುಟ್ಟನ್ನು ಗಟ್ಟಿಯಾಗಿ ಹೇಳದೆಯೂ ಕಿವುಡನಿಗೆ ಹೇಳಬಹುದು ಎಂಬುದು ನಮಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಎಲ್ಲವೂ ಸೂಜಿಯದಲ್ಲ

ಅಣ್ಣನದು ಸೂಜಿಯ ಕಥೆ. ಎಲ್ಲರದೂ ಹಾಗಲ್ಲ ಎಂಬುದನ್ನು ಹೇಳದಿದ್ದರೆ ಈ ಬರಹ ತಪ್ಪು ದಾರಿ ಹಿಡಿಸುತ್ತದೆ. ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. 1996ರ ಈಚೆಗೆ ಬಂದ, ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಸಂಯುಕ್ತ ಚಿಕಿತ್ಸೆಯಿಂದ ಅವರಲ್ಲಿ ಎಷ್ಟೋ ಮಂದಿ ಐವತ್ತು, ಅರವತ್ತು ದಾಟುತ್ತಿದ್ದಾರೆ. ವಯಸ್ಸಾದ ಯಾರಿಗಾದರೂ ಬರುವ ಕಿವಿಮಂದ ಅವರಿಗೂ ಬರುತ್ತದೆ, ಗದ್ದಲದ ಕೆಲಸ ಮಾಡಿದವರ ಕಿವಿ ಹಾಳಾಗುವಂತೆ ಅವರದೂ ಆಗುತ್ತದೆ. ಅದರ ಮೇಲೆ ಎಚ್‌ಐವಿಯದೇ ಪಾಲು ಎಷ್ಟು? 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಸೋಂಕಿರುವ ಮತ್ತು ಇಲ್ಲದ ಸುಮಾರು 400 ಗಂಡಸರು, ಹೆಂಗಸರ ಕಿವಿಗಳನ್ನು ಪರೀಕ್ಷಿಸಿತು. ವಯಸ್ಸು, ಗದ್ದಲ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸೋಂಕಿರುವವರ ಕಿವಿ ದಪ್ಪ ಸದ್ದಿಗೂ ತೆಳು ಸದ್ದಿಗೂ ಸ್ವಲ್ಪ ಹೆಚ್ಚು ಮಂದವಾಗಿತ್ತು. ಕುತೂಹಲವೆಂದರೆ ಸಿಡಿ4 ಎಣಿಕೆಗಾಗಲಿ ವೈರಲ್ ಲೋಡ್‌ಗಾಗಲಿ ಅದು ತಾಳೆಯಾಗಲಿಲ್ಲ. ವೈರಸ್ಸೋ, ಅದರಿಂದ ದೇಹದಲ್ಲಿ ಸದಾ ಹೊಗೆಯಾಡುವ ಉರಿಯೂತವೋ, ಹಳೆಯ ಮಾತ್ರೆಗಳು ಕೋಶಗಳ ಶಕ್ತಿಕೇಂದ್ರಕ್ಕೆ ಮಾಡುವ ಹಾನಿಯೋ, ವಾದ ನಡೆಯುತ್ತಿದೆ. ಎಆರ್‌ಟಿ ಮಾತ್ರೆಗಳ ಮೇಲಿನ ಆರೋಪ ಗಟ್ಟಿಯಾಗಿ ಸಾಬೀತಾಗಿಲ್ಲ. ಇದನ್ನು ಓದಿ ಯಾರಾದರೂ ಕಿವಿಯ ಭಯಕ್ಕೆ ಮಾತ್ರೆ ಬಿಟ್ಟರೆ ನಾನು ಬರೆದದ್ದೇ ಅನಾಹುತ. ಮಾತ್ರೆ ಬಿಟ್ಟರೆ ಬರುವ ಸೋಂಕುಗಳು ಕಿವಿಗೆ ಮಾಡುವ ಹಾನಿ ಅದಕ್ಕಿಂತ ಎಷ್ಟೋ ದೊಡ್ಡದು.

ಮತ್ತೆ, ಹೋದದ್ದೆಲ್ಲ ಮರಳದ ಕಿವುಡಲ್ಲ. ರೋಗನಿರೋಧಕ ಶಕ್ತಿ ತಗ್ಗಿದಾಗ ಮೂಗು-ಗಂಟಲಿನ ಹಿಂದಿನ ಗ್ರಂಥಿಗಳು ಊದಿ, ಕಿವಿಗೆ ಗಾಳಿ ಹೋಗುವ ನಾಳ ಕಟ್ಟಿಕೊಂಡು, ಕಿವಿತಮಟೆಯ ಹಿಂದೆ ನೀರು ನಿಲ್ಲಬಹುದು, ಕಿವಿ ಸೋರಬಹುದು. ಅದಕ್ಕೆ ಚಿಕಿತ್ಸೆಯಿದೆ. ಕೆಲವೊಮ್ಮೆ ಬರಿಯ ಗುಗ್ಗೆ ತುಂಬಿರುತ್ತದೆ. ಸಿಫಿಲಿಸ್ ಎಚ್‌ಐವಿಯ ಜೊತೆ ಆಗಾಗ ಕಾಣಿಸಿಕೊಳ್ಳುವ ಸೋಂಕು. ಅದು ಒಳಗಿವಿಗೆ ಹೊಕ್ಕರೆ ಕಿವುಡು, ಗುಂಯ್ ಸದ್ದು, ತಲೆಸುತ್ತು ಒಟ್ಟಿಗೆ ಬರಬಹುದು. ಹತ್ತರಿಂದ ಹದಿನಾಲ್ಕು ದಿನ ರಕ್ತನಾಳದ ಮೂಲಕ ಪೆನಿಸಿಲಿನ್ ಕೊಡುತ್ತಾರೆ, ಬೇಗ ಹಿಡಿದರೆ ಕೇಳುವಿಕೆ ಮರಳುವ ಅವಕಾಶವಿದೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಮೆದುಳುಪೊರೆಯ ಉರಿಯೂತವೂ ಕಿವಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಸರ್ಪಸುತ್ತು ಕಿವಿಯಲ್ಲಿ ಎದ್ದರೆ ಮುಖದ ಒಂದು ಬದಿ ಸೋತು ಹೋಗಬಹುದು. ಒಂದೆರಡು ದಿನದಲ್ಲಿ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮುಂದಿನ ತಿಂಗಳ ಮಾತ್ರೆಯ ದಿನದವರೆಗೆ ಕಾಯುವ ವಿಷಯವೇ ಅಲ್ಲ ಅದು, ಅವತ್ತೇ ಹೋಗಬೇಕು.

ಇನ್ನೊಂದು ಮಾತು, ನನ್ನನ್ನು ಬಹಳ ಹೆದರಿಸಿದ್ದು. ಎಚ್‌ಐವಿ ಇರುವವರಲ್ಲಿ ನೆನಪು, ಗಮನ ಕುಂದುವ ತೊಂದರೆ ಇರಬಹುದೆಂದು ವೈದ್ಯರು ಆಗಾಗ ಪರೀಕ್ಷಿಸುತ್ತಾರೆ. ಕೆಲವು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಹೇಳಿ ಎನ್ನುತ್ತಾರೆ. ಅಣ್ಣನಿಗೂ ಒಮ್ಮೆ ಮಾಡಿದರು. ಅವನು ಐದರಲ್ಲಿ ಎರಡು ಹೇಳಿದ. ಮರೆವು ಶುರುವಾಗಿದೆ ಎಂದು ನಾವು ಮನೆಯಲ್ಲಿ ಮತ್ತೆ ಪಿಸುಗುಟ್ಟಿಕೊಂಡೆವು. ಮೂರು ಪದಗಳು ಅವನ ತಲೆಯಿಂದ ಹೊರಬಿದ್ದವೋ, ತಲೆಯೊಳಗೆ ಹೋಗಲೇ ಇಲ್ಲವೋ ಎಂದು ಯಾರು ವಿಚಾರಿಸಿದರು? ಕಿವಿ ಮಂದವಾಗಿ ಹಾಗೇ ಬಿಟ್ಟರೆ ಮುಂದೆ ಮರೆಗುಳಿ ಕಾಯಿಲೆಯ (ಡಿಮೆನ್ಷಿಯಾ) ಅಪಾಯ ಹೆಚ್ಚುತ್ತದೆ ಎನ್ನುವುದೂ ನಿಜ. ಎರಡೂ ಒಂದರೊಳಗೊಂದು ಹೆಣೆದುಕೊಂಡಿರುವಾಗ ಕಿವಿಯನ್ನು ಮೊದಲು ನೋಡಬೇಕು ಎನ್ನುವುದು ನನ್ನ ಹಟ.

ಹತ್ತಿ

ಶ್ರವಣ ಸಾಧನ ಹಾಕಿಕೊಂಡ ಮೊದಲ ವಾರ ಅವನು ಯಾರನ್ನೂ ಹತ್ತಿರ ಬರಗೊಡಲಿಲ್ಲ. ಪ್ಲಾಸ್ಟಿಕ್ ಚೀಲ ಮುಟ್ಟಿದರೆ ಬೆಂಕಿ ಬಿದ್ದಂತೆ ಕೇಳುತ್ತದೆ ಎಂದ. ತನ್ನದೇ ದನಿ ಡಬ್ಬದೊಳಗಿನಿಂದ ಬಂದಂತೆ ಕೇಳುತ್ತದೆ ಎಂದ. ನಲ್ಲಿ, ಫ್ಯಾನು, ನನ್ನ ಬಳೆ, ಎಲ್ಲದರ ಮೇಲೂ ದೂರು. ಕನ್ನಡಕ ಹಾಕಿದಂತೆ ಹಾಕಿದೊಡನೆ ಎಲ್ಲ ಸ್ಪಷ್ಟವಾಗುತ್ತದೆ ಎಂದುಕೊಂಡಿದ್ದವಳು ನಾನು. ಸತ್ತ ಕೋಶಗಳನ್ನು ಅದು ಎಬ್ಬಿಸುವುದಿಲ್ಲ, ಉಳಿದವಕ್ಕೆ ಸದ್ದನ್ನು ದೊಡ್ಡದು ಮಾಡಿ ಕೊಡುತ್ತದೆ, ಅಷ್ಟೇ. ಮಿದುಳು ಹೊಸದಾಗಿ ಅಕ್ಷರ ಕಲಿಯಬೇಕು. ಸಾಲು ಮತ್ತು ಹಾಲು ಬೇರೆಯಾಗಲು ಎರಡು ತಿಂಗಳು ಹಿಡಿಯಿತು. ಗದ್ದಲದಲ್ಲಿ ಈಗಲೂ ಬೇರೆಯಾಗುವುದಿಲ್ಲ. ಪಿಸುಮಾತಂತೂ ಇವತ್ತಿಗೂ ಮುಟ್ಟುವುದಿಲ್ಲ.

ಚಿಕಿತ್ಸಾ ಕೇಂದ್ರಕ್ಕೆ ಒಂದು ಸಣ್ಣ ಪುಸ್ತಕ ಒಯ್ಯುತ್ತಾನೆ. ಆಪ್ತಸಮಾಲೋಚಕಿ ಈಗ ದಿನಾಂಕವನ್ನು ಅದರಲ್ಲಿ ಬರೆಯುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ, "ನಾನು ಏನು ಹೇಳಿದೆ, ಒಮ್ಮೆ ಹೇಳಿ" ಎನ್ನುತ್ತಾರೆ. ಆ ಚಿಕ್ಕ ಪುಸ್ತಕ ಬಂದ ಮೇಲೆ ಒಂದು ದಿನವೂ ಮಾತ್ರೆ ತಪ್ಪಿಲ್ಲ, ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದೆ.

ಮೊನ್ನೆ ಹೊಸ ಡಬ್ಬಿ ತಂದಿದ್ದ. ಮೇಜಿನ ಮೇಲಿಟ್ಟಾಗ ಅದು ಗಲಗಲ ಎಂದಿತು. ಅವನು ಗಕ್ಕನೆ ನಿಂತ. ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮತ್ತೊಮ್ಮೆ ಅಲ್ಲಾಡಿಸಿದ. ಎಷ್ಟೋ ವರ್ಷಗಳಿಂದ ಅವನು ಡಬ್ಬಿಗೆ ಹತ್ತಿ ಹಾಕುವುದನ್ನು ಬಿಟ್ಟಿದ್ದ. ಅದು ಸದ್ದು ಮಾಡುತ್ತಿಲ್ಲ ಎಂದು ನಂಬಿದ್ದ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕಚೇರಿಯಲ್ಲಿ, ಹೆಗಲ ಚೀಲದೊಳಗೆ ಅದು ಅವನ ಹೆಜ್ಜೆ ಹೆಜ್ಜೆಗೂ ಗಲಗುಡುತ್ತಿತ್ತು. ನಾನು ಕೇಳಿಸಿಕೊಂಡಿದ್ದೆ, ಹೇಳಿರಲಿಲ್ಲ.

"ಇಷ್ಟು ದಿನವೂ ಹೀಗೇ ಸದ್ದು ಮಾಡುತ್ತಿತ್ತಾ ಇದು?"

"ಹೂಂ."

"ಯಾರಾದರೂ ಕೇಳಿದರಾ?"

ಯಾವ ಕೇಳುವುದು ಎಂದು ನಾನು ಬಿಡಿಸಿ ಕೇಳಲಿಲ್ಲ. "ಇಲ್ಲ" ಎಂದೆ. ಅವನು ಡಬ್ಬಿಯನ್ನು ಇನ್ನೊಮ್ಮೆ ಅಲ್ಲಾಡಿಸಿ, ಹತ್ತಿಗೆ ಹುಡುಕದೆ, ಹಾಗೆಯೇ ಚೀಲಕ್ಕೆ ಹಾಕಿಕೊಂಡ.